ಎಪ್ಪತ್ತು ಹೆಜ್ಜೆಯ ಕೆರೆ

ಒಂದೂರಿತ್ತಂತೆ. ಊರಿನಲ್ಲೊಬ್ಬಳು ಅಜ್ಜಿ, ಅಜ್ಜಿಗೊಬ್ಬಳು ಮೊಮ್ಮಗಳು, ಮೊಮ್ಮಗಳಿಗೆ ಮೊಳದುದ್ದದ ನಾಲಿಗೆ. ಕೈಲಾಗುವುದಕ್ಕೂ ಕೈಲಾಗದ್ದಕ್ಕೂ ಒಂದೇ ಸಮನೆ ಮಾತು ಕೊಟ್ಟುಬಿಡುತ್ತಿದ್ದಳಂತೆ. ನಮ್ಮ ಚೆಲುವಜ್ಜಿ ಕಥೆ ಶುರುಮಾಡುತ್ತಿದ್ದದ್ದು ಹೀಗೆ. ಆ ಮೊಮ್ಮಗಳು ಯಾರೆಂದು ನಾನು ಯಾವತ್ತೂ ಕೇಳಲಿಲ್ಲ. ಯಾವುದೋ ಕಥೆಯ ರಾಜಕುಮಾರಿಯಿಂದ ಕಿತ್ತು ತಂದು ನನಗೆ ಇಂದುಮುಖಿ ಎಂದು ಹೆಸರಿಟ್ಟವಳೂ ಅವಳೇ ಆದ್ದರಿಂದ, ನಾನು ಅರ್ಧ ಈ ಊರಿನವಳು, ಅರ್ಧ ಕಥೆಯವಳು ಎಂದೇ ನಂಬಿಕೊಂಡು ಬೆಳೆದೆ.

ಈ ಬೇಸಿಗೆಯ ಮೊದಲಿಗೆ ಅಜ್ಜಿಗೆ ಒಂಬತ್ತು ದಿನ ಜ್ವರ ಬಂತು. ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಲು ಗಾಬರಿಯಾದವಳು ಅವ್ವ. ಸೊಸೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಮಾಡಿದ ಒಂದು ಸಾರಿಗೂ ಅಜ್ಜಿ ಹೆಸರಿಡದೆ ಬಿಟ್ಟಿರಲಿಲ್ಲ. ಉಪ್ಪು ಹೆಚ್ಚು, ಇಲ್ಲವೇ ಉಪ್ಪು ಕಮ್ಮಿ. ಸರಿಯಾಗಿದ್ದ ದಿನ, ಬಿಸಿ ಸಾಲದು. ಈಗ ಅಜ್ಜಿ ಸುಮ್ಮನೆ ಕಲಸಿ, ಸುಮ್ಮನೆ ನುಂಗಿ, ಸುಮ್ಮನೆ ಕೈತೊಳೆಯತೊಡಗಿದಳು. ಅವ್ವನಿಗೆ ಅನುಮಾನ ಬಂದು ಒಂದು ದಿನ ಸಾರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಸುರಿದಳು. ಅಜ್ಜಿ ಅದನ್ನೂ ಉಂಡು ಎದ್ದಳು. ಅವ್ವ ಒಲೆಯ ಮುಂದೆ ಕೂತು, "ಬೈಯೋರೇ ಇಲ್ದಿದ್ರೆ ಯಾರಿಗೆ ಅಂತ ಅಡುಗೆ ಮಾಡ್ಲಿ?" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಉಪ್ಪಿಲ್ಲದ ಅನ್ನವನ್ನಾದರೂ ನಾನು ಸಹಿಸಿಕೊಂಡೇನು, ಕಥೆಯಿಲ್ಲದ ಸಂಜೆಯನ್ನಲ್ಲ. ಅಜ್ಜಿ ಕಥೆ ಹೇಳುವುದನ್ನೇ ನಿಲ್ಲಿಸಿದ್ದಳು. "ಬಾಯಿಗೆ ರುಚಿ ಇಲ್ದೋಳು ಏನ್ ಕಥೆ ಹೇಳ್ಲಿ ಕೂಸೇ? ರಾಜಕುಮಾರೀನೂ ಸಪ್ಪೆ, ರಾಕ್ಷಸನೂ ಸಪ್ಪೆ" ಎನ್ನುವಳು. ದಿನಕ್ಕೊಂದು ತುತ್ತು ಕಮ್ಮಿಯಾಗುತ್ತ ಬಂತು. ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಒಂದು ಸಂಜೆ ಜಗಲಿಯಲ್ಲಿ ಕೂತವಳು ತನ್ನಷ್ಟಕ್ಕೇ ಅಂದಳು: "ಪಡುವಣ ಕೆರೆ ಗೆಂಡೆ ಮೀನು ಒಂದು ತುಂಡು ಸಿಕ್ಕಿದ್ರೆ ಈ ನಾಲಿಗೆ ಎದ್ದು ಕೂರ್ತಿತ್ತೇನೋ. ಏಳು ವರ್ಷದೋಳಿದ್ದಾಗ ನಮ್ಮಪ್ಪ ಹಿಡಿದು ಅಲ್ಲೇ ಕೆಂಡದ ಮೇಲೆ ಸುಟ್ಟು ಕೊಟ್ಟಿದ್ದು. ಎಷ್ಟು ದೂರ ಮಹಾ, ಎಪ್ಪತ್ತು ಹೆಜ್ಜೆ." ನನ್ನ ಮೊಳದುದ್ದದ ನಾಲಿಗೆ ಸುಮ್ಮನಿರಬೇಕಲ್ಲ? "ತಂದ್ಕೊಡ್ತೀನಿ ಅಜ್ಜಿ, ಮಾತು ಕೊಟ್ಟೆ" ಅಂದೆ. ಒಳಗೆ ಅವ್ವನ ಕೈಯಿಂದ ಸೌಟು ಜಾರಿ ಬಿದ್ದ ಸದ್ದು ಕೇಳಿಸಿತು.

ಸೌಟು ಬೀಳಲು ಕಾರಣವಿತ್ತು. ನಮ್ಮೂರಿನ ಪಡುವಣ ಬಾಗಿಲಿನಿಂದ ಹೊರಡುವ ದಾರಿ, ಹೊತ್ತ ಹೊರೆಯಷ್ಟು ಉದ್ದವಾಗುತ್ತದೆ. ಸೇರಿಗೆ ಎರಡು ಹರದಾರಿ. ಮೈಮೇಲಿನ ಬಟ್ಟೆ, ಕೈಬಳೆ ಲೆಕ್ಕಕ್ಕಿಲ್ಲ, ಹೊಟ್ಟೆಯೊಳಗಿನದೂ ಲೆಕ್ಕಕ್ಕಿಲ್ಲ. ಉಳಿದ ಪ್ರತಿಯೊಂದೂ ಲೆಕ್ಕವೇ. ಒಬ್ಬಾಕೆ ದಾರಿಗೆ ಮಣ್ಣೆರಚಲು ನಾಲ್ಕು ಸೀರೆ ಒಂದರ ಮೇಲೊಂದು ಉಟ್ಟು ಹೊರಟಳಂತೆ. ದಾರಿ ಒಂದನ್ನು ಬಿಟ್ಟು ಮೂರನ್ನೂ ಎಣಿಸಿತು. ಮದುಮಗಳೊಬ್ಬಳ ಜೊತೆ ಕಬ್ಬಿಣದ ಬೀರು ಹೊತ್ತು ಹೋದ ದಿಬ್ಬಣ ಗಂಡನ ಮನೆ ಮುಟ್ಟುವಷ್ಟರಲ್ಲಿ, ಅತ್ತೆಯಾಗಬೇಕಿದ್ದವಳು ಕಾದು ಕಾದು ತಲೆಯೆಲ್ಲ ಹಣ್ಣು ಮಾಡಿಕೊಂಡಿದ್ದಳು. ಜೊತೆಯಾಗಿ ನಡೆಯಬೇಕೆಂದರೆ ಇಬ್ಬರ ಹೊರೆಯೂ ಒಂದೇ ತೂಕವಿರಬೇಕು. ಇಲ್ಲವಾದರೆ ಒಬ್ಬರು ಮುಟ್ಟಿ ಉಂಡು ಮಲಗಿದರೂ ಇನ್ನೊಬ್ಬರು ದಾರಿಯಲ್ಲೇ. ಹಾಗಾಗಿ ಬಾಗಿಲ ಪಕ್ಕದಲ್ಲಿ ಹಾಲಪ್ಪ ಎಂಬವನು ತಕ್ಕಡಿ ತೂಗುಹಾಕಿಕೊಂಡು ಕೂತಿರುತ್ತಾನೆ. ಹೊಸದಾಗಿ ಮದುವೆಯಾದವರು ಅವನ ಮುಂದೆ ಒಂದೊಂದು ಬಾಳೆಹಣ್ಣನ್ನೂ ಅತ್ತಿಂದಿತ್ತ ಬದಲಾಯಿಸಿ ಸಮ ಮಾಡಿಕೊಳ್ಳುತ್ತಾರೆ. ಮದುವೆಯಾಗಿ ಹತ್ತು ವರ್ಷವಾದವರು ತೂಗಿಸುವುದಿಲ್ಲ.

ನನ್ನ ಜೊತೆಗೆ ಬರಲು ಒಪ್ಪಿದವಳು ಅತ್ತೆಯ ಮಗಳು ನಂಜಮಣಿ. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುವವಳು. ಕೊರಳಿನಲ್ಲಿ ತಾಳಿಯ ಜಾಗದಲ್ಲಿ ಸೀಟಿ. ನಾಲ್ಕು ದಿನ ಜಗಲಿಯಲ್ಲಿ ಕೂತು ಯೋಜನೆ ಹಾಕಿದೆವು. ಬೆಳಿಗ್ಗೆ ಹೊರಟು ಸಂಜೆಗೆ ಕೆರೆ, ರಾತ್ರಿ ದಡದಲ್ಲೇ ಬಿಡಾರ, ನಸುಕಿನಲ್ಲಿ ಗಾಳ ಹಾಕಿ ಒಂದು ಮೀನು, ಸಂಜೆಯೊಳಗೆ ಮನೆ. ತಲೆಗೆ ಎರಡೇ ಸೇರು. ಕಂಬಳಿ ಇಬ್ಬರಿಗೂ ಸೇರಿ ಒಂದು. ನಂಜಮಣಿ ಬಾಣಲೆಯ ಹಿಡಿಯನ್ನು ಕಮ್ಮಾರನಿಂದ ಕತ್ತರಿಸಿ ತೆಗೆಸಿದಳು. ಬೆಂಕಿಪೊಟ್ಟಣದಿಂದ ಹನ್ನೊಂದು ಕಡ್ಡಿ ಬಿಟ್ಟು ಉಳಿದವನ್ನು ತೆಗೆದಳು. ತಾಡಪಾಲಿನ ನಾಲ್ಕು ಮೂಲೆಯ ಹಗ್ಗವನ್ನು ಮೂರು ಮಾಡಿದಳು. "ನಾಲ್ಕನೇ ಮೂಲೆ?" ಅಂದರೆ, "ನೀನು ಹಿಡ್ಕೊಂಡು ಮಲ್ಕೋ" ಅಂದಳು. ಎರೆಹುಳುವನ್ನು ಕೆರೆಯಲ್ಲೇ ಅಗೆಯುವುದೆಂದಾಯಿತು. ನನ್ನ ಚೀಲದ ತಳದಿಂದ ಅವಳು ಒಂದು ಪುಟ್ಟ ಕನ್ನಡಿಯನ್ನೂ ಎಳೆದು ತೆಗೆದಳು.

"ಇದ್ಯಾಕೆ?"

"ಕೆರೆ ದಡದಲ್ಲಿ ಜಲಕನ್ಯೆ ಎದುರಾದ್ರೆ ಏನಾದ್ರೂ ಕೊಡಬೇಡ್ವಾ?"

"ಅವ್ಳಿಗೆ ಕೆರೆಯೇ ಕನ್ನಡಿ ಕಣೇ. ಇಡು ಅಲ್ಲಿ."

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಮರೆತದ್ದು ಊರನ್ನು. ನಮ್ಮೂರಿನಲ್ಲಿ ದಾರಿಗೊಂದು ಕಟ್ಟಳೆಯಿದ್ದರೆ ಹೆಂಗಸರಿಗೊಂದು ಕಟ್ಟಳೆಯಿದೆ: ಊರು ಬಿಟ್ಟು ಹೊರಟವರನ್ನು ಬರಿಗೈಯಲ್ಲಿ ಕಳಿಸಬಾರದು. ಕೊಟ್ಟ ಬುತ್ತಿಯನ್ನು ಬೇಡವೆನ್ನಬಾರದು, ದಾರಿಯಲ್ಲಿ ಎಸೆಯಬಾರದು, ಉಣ್ಣಲೇಬೇಕು. ಬಿಡಾರದ ಸುದ್ದಿ ಎಲ್ಲಿಂದ ಸೋರಿತೋ, ಬೆಳಿಗ್ಗೆ ಬೀದಿಯ ಎರಡೂ ಬದಿ ಹೆಂಗಸರು ನಿಂತಿದ್ದರು. ಒಬ್ಬರು ಹೋಳಿಗೆ, ಒಬ್ಬರು ಚಕ್ಕುಲಿ, ಒಬ್ಬರು ಜಾಡಿ ಸಮೇತ ಮಾವಿನ ಉಪ್ಪಿನಕಾಯಿ. "ಕಾಡಿನಾಗೆ ಹಸಿವು ಜಾಸ್ತಿ ಕಣವ್ವ, ಇಟ್ಕೋ" ಎಂದು ತಲೆ ಸವರಿ ಚೀಲಕ್ಕೆ ತುರುಕಿದರು. ಎದುರುಮನೆಯ ಸಿದ್ದಬಸಮ್ಮ ಒಂದು ಇಡೀ ಕುಂಬಳಕಾಯಿ ತಂದು ನಂಜಮಣಿಯ ತೋಳಿಗೆ ಮಗುವಿನಂತೆ ಮಲಗಿಸಿದಳು. ಎಲ್ಲಕ್ಕೂ ಕೊನೆಗೆ, ನಾಲ್ಕು ದಿನದಿಂದ ನಮ್ಮ ಲೆಕ್ಕವನ್ನೆಲ್ಲ ಕೇಳಿಸಿಕೊಂಡಿದ್ದ ನನ್ನ ಸ್ವಂತ ಅವ್ವನೇ ಓಡಿ ಬಂದು ಚಟ್ನಿಪುಡಿಯ ಡಬ್ಬಿ ಇಟ್ಟಳು. ಹಾಲಪ್ಪ ತೂಗಿ, ಸಮ ಮಾಡಿ, ತಲೆಗೆ ಒಂಬತ್ತು ಸೇರು ಎಂದ. "ಹದಿನೆಂಟು ಹರದಾರಿ ಆಯ್ತು. ಹೋಗಿಬನ್ನಿ, ದೀಪಾವಳಿ ಹೊತ್ತಿಗೆ ಸಿಗೋಣ."

ಕೆರೆ ಬಾಗಿಲಿನಿಂದಲೇ ಕಾಣುತ್ತಿತ್ತು, ಬಿಸಿಲಿಗೆ ಹೊಳೆಯುತ್ತ. ನಾವು ನಡೆದಷ್ಟೂ ಅದು ಅಲ್ಲೇ ಹೊಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹುಣಸೆಮರದ ಕೆಳಗೆ ನಂಜಮಣಿ ಸೀಟಿ ಊದಿ, "ಕೂತ್ಕೋ, ತಿನ್ನು" ಅಂದಳು. ತಿಂದೆವು. ಒಂದೊಂದು ಹೋಳಿಗೆ ಇಳಿದ ಹಾಗೂ ಕೆರೆ ಒಂದೊಂದು ಹೊಲದಷ್ಟು ಹತ್ತಿರ ಸರಿಯುತ್ತಿತ್ತು. ಚಕ್ಕುಲಿ ಮುಗಿದಾಗ ದಡದ ಮರಗಳು ಕಂಡವು. ಉಪ್ಪಿನಕಾಯಿಯ ಅರ್ಧ ಜಾಡಿ ಖಾಲಿಯಾದಾಗ ಮರದ ಮೇಲಿನ ಕೊಕ್ಕರೆಗಳು ಕಂಡವು, ನಮ್ಮ ಕಣ್ಣಿನಿಂದ ನೀರೂ ಸುರಿಯಿತು. "ಇನ್ನೊಂದು ಹೋಳು ಕಣೇ, ಇನ್ನೊಂದೇ ಹೋಳು" ಎಂದು ಅವಳು ನನ್ನನ್ನು ಹುರಿದುಂಬಿಸುತ್ತಿದ್ದದ್ದು ಶಾಲೆಯ ಓಟದ ಪಂದ್ಯದಂತಿತ್ತು. ಕುಂಬಳಕಾಯಿಯನ್ನು ಮಾತ್ರ ಹಸಿಯಾಗಿ ತಿನ್ನಲಾಗಲಿಲ್ಲ. ಅದೊಂದೇ ನಾಲ್ಕು ಸೇರು, ಎಂಟು ಹರದಾರಿ. ರಾತ್ರಿ ನಡುದಾರಿಯಲ್ಲೇ ಒಲೆ ಹೂಡಿ, ಹಿಡಿಯಿಲ್ಲದ ಬಾಣಲೆಯಲ್ಲಿ ಬೇಯಿಸಿ, ಬೆರಳು ಸುಟ್ಟುಕೊಂಡು ತಿಂದು ಮುಗಿಸಿದೆವು. ಮಾರನೆಯ ದಿನ ಹೊಟ್ಟೆ ಹೊತ್ತುಕೊಂಡು ಏಳಲಾಗದೆ ಮರದ ಕೆಳಗೇ ಬಿದ್ದುಕೊಂಡೆವು. ದಾರಿ ಹೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಕಾಲುಗಳು ಹಿಡಿಯುತ್ತವೆ.

ಮೂರನೆಯ ಸಂಜೆ ಕೆರೆ ಮುಟ್ಟಿ ಬಿಡಾರ ಹೂಡಿದೆವು. ನಸುಕಿನಲ್ಲಿ ಗಾಳ ಬಿಟ್ಟಾಗ ಮೊದಲು ಸಿಕ್ಕಿದ್ದು ಬೆರಳುದ್ದದ ಮೀನು. "ಸಾಕು, ಇದನ್ನೇ ಒದ್ದೆ ಬಟ್ಟೇಲಿ ಸುತ್ಕೊಂಡು ಓಡು" ಎಂದಳು ನಂಜಮಣಿ. ನಾನು ಅದನ್ನು ನೋಡಿದೆ. ಅಂಗೈಯಲ್ಲಿ ಅರ್ಧವೂ ತುಂಬದ ಮೀನು. ಯಾವ ಕಥೆಯಲ್ಲಿ ಮೊಮ್ಮಗಳು ಬೆರಳುದ್ದದ ಮೀನು ತರುತ್ತಾಳೆ? ನೀರಿಗೆ ಬಿಟ್ಟುಬಿಟ್ಟೆ. ಅವಳು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಗಾಳದ ಕೋಲು ನನ್ನನ್ನೇ ಕೆರೆಗೆ ಎಳೆಯತೊಡಗಿತು. ಇಬ್ಬರೂ ಸೊಂಟದವರೆಗೆ ನೀರಿಗಿಳಿದು ಎಳೆದು ಹಾಕಿದ್ದು ಎಂಟು ಸೇರಿನ ಗೆಂಡೆ. ಬೆನ್ನು ಬಂಗಾರ, ಬಾಯಿ ಅಜ್ಜಿಯದರ ಹಾಗೆ ಸುಕ್ಕು. ನಾನು ಕುಣಿದೆ. ನಂಜಮಣಿ ಕುಣಿಯಲಿಲ್ಲ. "ತಲೆಗೆ ನಾಲ್ಕು ಸೇರು, ಎಂಟು ಹರದಾರಿ, ಈ ಬಿಸ್ಲು" ಎಂದಷ್ಟೇ ಅಂದಳು.

ಬಾಣಲೆ, ಕಂಬಳಿ, ತಾಡಪಾಲು, ಗಾಳ, ಎಲ್ಲವನ್ನೂ ಬಂಡೆಯ ಪೊಟರೆಯಲ್ಲಿ ಬಿಟ್ಟು ಮೀನನ್ನು ಬಿದಿರಿಗೆ ಕಟ್ಟಿ ಹೊತ್ತೆವು. ಮೊದಲ ದಿನ ನೊಣಗಳು ಜೊತೆಯಾದವು. ಎರಡನೆಯ ದಿನ ನೊಣಗಳೂ ದೂರದಿಂದಲೇ ಹಿಂಬಾಲಿಸತೊಡಗಿದವು. ಪಡುವಣ ಬಾಗಿಲಿನಲ್ಲಿ ಹಾಲಪ್ಪ ತೂಗುವುದಿರಲಿ, ತಕ್ಕಡಿಯನ್ನೇ ಬಿಟ್ಟು ಓಡಿದ. ಮನೆಯ ಮೆಟ್ಟಿಲು ಹತ್ತುವ ಮೊದಲೇ ಒಳಗಿನಿಂದ ಅಜ್ಜಿಯ ದನಿ ಬಂತು: "ಅಯ್ಯೋ ಪಾಪಿಗಳಾ, ಹೋಗಿರೋದು ನಾಲಿಗೆ ಕಣೇ, ಮೂಗಲ್ಲ!" ಮೀನನ್ನು ತೆಂಗಿನಮರದ ಬುಡಕ್ಕೆ ಹೂತೆವು.

ಆ ರಾತ್ರಿ ಅಜ್ಜಿ ಊಟಕ್ಕೇ ಏಳಲಿಲ್ಲ. ನಾನು ಅವಳ ಕಾಲ ಬಳಿ ಕೂತು ಅತ್ತೆ. ಮೀನು ಹಾಳಾದದ್ದಕ್ಕಲ್ಲ, ಚಿಕ್ಕ ಮೀನನ್ನು ನಾನೇ ನೀರಿಗೆ ಬಿಟ್ಟದ್ದಕ್ಕೆ. ಅದನ್ನು ತಂದಿದ್ದರೆ ಅವಳು ಇಷ್ಟು ಹೊತ್ತಿಗೆ ಉಂಡಿರುತ್ತಿದ್ದಳು. ಹೇಳಿಕೊಂಡೆ. ಅಜ್ಜಿ ನನ್ನ ಜಡೆ ಎಳೆದು, "ನಿಂಗೆ ಎಂಟು ಸೇರು ಮೀನು ಹಿಡಿಯೋ ಕಥೆ ಹೇಳಿ ಹಾಳು ಮಾಡಿದ್ದೇ ನಾನು, ಬಿಡು" ಎಂದಳು.

"ನಿಜ ಹೇಳಜ್ಜಿ, ನೀನು ಎಷ್ಟು ದೂರ ನಡೆದಿದ್ದೆ?"

"ಎಪ್ಪತ್ತು ಹೆಜ್ಜೆ ಅಂದೆನಲ್ಲ."

"ಕಥೇಲಿ ಅಲ್ಲ, ನಿಜವಾಗ್ಲೂ."

"ನಿಜವಾಗ್ಲೂ ಕಣೇ! ಅಪ್ಪ ಗಾಳಾನ ಜುಟ್ಟಲ್ಲಿ ಸಿಕ್ಕಿಸ್ಕೊಂಡಿದ್ದ. ಕೈಲಿ ಏನೂ ಇರ್ಲಿಲ್ಲ. ಎಪ್ಪತ್ತಕ್ಕೆ ಕಾಲು ಒದ್ದೆ ಆಯ್ತು."

ನಾನು ಬಾಗಿಲಲ್ಲಿ ಕೂತಿದ್ದ ನಂಜಮಣಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬರಿಗೈಯಲ್ಲಿ ಆ ದಾರಿ ಹಿಡಿದವರನ್ನು ನಮ್ಮೂರು ಅಜ್ಜಿಯ ತಲೆಮಾರಿನಿಂದ ಕಂಡೇ ಇಲ್ಲ. ಹೆಂಗಸರು ಬಿಟ್ಟರಲ್ಲವೇ! ನಮ್ಮ ಬಿಡಾರವೆಲ್ಲ ಬಂಡೆಯ ಪೊಟರೆಯಲ್ಲೇ ಇದೆ. ಮೀನನ್ನು ಅಜ್ಜಿಯ ಹತ್ತಿರ ತರುವುದೇಕೆ, ಅಜ್ಜಿಯನ್ನೇ ಮೀನಿನ ಹತ್ತಿರ ಕರೆದೊಯ್ದರೆ? ಎಪ್ಪತ್ತು ಹೆಜ್ಜೆಯನ್ನು ಅವಳ ಮಂಡಿ ತಡೆದೀತು. ಉಳಿದದ್ದು ಒಂದೇ ತೊಡಕು: ಬುತ್ತಿಯ ಬೀದಿಯನ್ನು ಬರಿಗೈಯಲ್ಲಿ ದಾಟುವುದು ಹೇಗೆ? ರಾತ್ರಿ ಹೋಗೋಣವೆಂದರೆ ಬಾಗಿಲು ಹಾಕಿರುತ್ತಾರೆ. ಬಡವರಂತೆ ವೇಷ ಹಾಕೋಣವೆಂದು ನಾನು ಹೇಳಿದೆ. ಬಡವರಿಗೆ ಇನ್ನೂ ಹೆಚ್ಚು ಕೊಡುತ್ತಾರೆಂದು ನಂಜಮಣಿ ಹೇಳಿದಳು. ಅಜ್ಜಿ ನಮ್ಮಿಬ್ಬರ ಮಾತು ಕೇಳಿ ಕೇಳಿ ಬೇಸತ್ತು, "ನಿಮ್ಮ ಬುದ್ಧಿಗಿಷ್ಟು! ಯಾರನ್ನ ಕಂಡ್ರೆ ಊರು ಮುಖ ತಿರುಗಿಸ್ಕೊಂಡು ಸುಮ್ನಾಗ್ತದೆ ಹೇಳ್ರೇ?" ಎಂದು ಮೂಲೆಯತ್ತ ಬೆರಳು ತೋರಿಸಿದಳು. ಮೂಲೆಯಲ್ಲಿ ಚೊಂಬು ಇತ್ತು.

ಚೊಂಬು ಹಿಡಿದು ಹೊರಟವರನ್ನು ಎಲ್ಲಿಗೆಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ, ನಿಲ್ಲಿಸುವುದಿಲ್ಲ. ಬುತ್ತಿಯನ್ನಂತೂ ಯಾರೂ ಕೊಡುವುದಿಲ್ಲ.

ಮಾರನೆಯ ಸಂಜೆ ಮೂವರೂ ಒಂದೊಂದು ಚೊಂಬು ಹಿಡಿದು ನಿಂತೆವು. ಅವ್ವನಿಗೆ ಮಾತ್ರ ವಿಷಯ ಗೊತ್ತಿತ್ತು. ಅವಳ ಸಂಕಟ ನೋಡಲಾಗುತ್ತಿರಲಿಲ್ಲ. ಕೈ ಡಬ್ಬಿಗಳತ್ತ ಹೋಗುವುದು, ಹಿಂದೆ ಬರುವುದು. ಕೊನೆಗೆ, "ಮೀನಿಗೆ ಉಪ್ಪಾದ್ರೂ ಬೇಡ್ವಾ? ಬರಿಗೈಲಿ ಕಳ್ಸಿದ್ರೆ ನಂಗೆ ನಿದ್ದೆ ಬರಲ್ಲ" ಎಂದು ನನ್ನ ಸೆರಗಿನ ತುದಿಗೆ ಒಂದು ಹಿಡಿ ಉಪ್ಪು ಕಟ್ಟಲು ಬಂದಳು. ಅಜ್ಜಿ ಗದರಿದಳು: "ಅಷ್ಟೊಂದಾ? ನನ್ನ ಮಂಡಿ ನಿನ್ನಪ್ಪನ ಮನೇದಾ? ತೆಗಿ, ಇನ್ನೂ ತೆಗಿ." ಹಿಡಿ ಇದ್ದದ್ದು ಚಿಟಿಕೆಯಾಯಿತು. ಅಜ್ಜಿ ಅದರಲ್ಲೂ ನಾಲ್ಕು ಕಾಳು ತೆಗೆದು ಡಬ್ಬಿಗೆ ಹಾಕಿಸಿದಳು.

ಬೀದಿಯಲ್ಲಿ ನಾವು ಸಾಲಾಗಿ ನಡೆದೆವು. ಹೆಂಗಸರು ಒಬ್ಬೊಬ್ಬರಾಗಿ ಗೋಡೆಯತ್ತ, ಆಕಾಶದತ್ತ ತಿರುಗಿದರು. ಸಿದ್ದಬಸಮ್ಮ ಮಾತ್ರ ಗೋಡೆಗೆ ಹೇಳುವವಳಂತೆ, "ಮೂವರಿಗೂ ಒಟ್ಟಿಗೇ ಅಂದ್ರೆ ಉಂಡಿದ್ದೇನೋ ಸರಿಯಿಲ್ಲ, ಪಾಪ" ಅಂದಳು. ಪಡುವಣ ಬಾಗಿಲಿನಲ್ಲಿ ಹಾಲಪ್ಪ ತಕ್ಕಡಿಯ ಹಿಂದೆ ಮುಖ ಮುಚ್ಚಿಕೊಂಡ. ಹೊರಗೆ ಬಂದು ಚೊಂಬುಗಳನ್ನು ಬೇಲಿಯಲ್ಲಿ ಬಿಟ್ಟು ದಾರಿ ನೋಡಿದರೆ, ಕೆರೆ ನನಗೆ ಹತ್ತಿರ, ಅವರಿಬ್ಬರಿಗೆ ಇನ್ನೂ ದೂರದಲ್ಲೇ ಇತ್ತು. ನಂಜಮಣಿ ಸೀಟಿ ಕಳಚಿ ಬೇಲಿಗೆ ನೇತುಹಾಕಿದಳು. ಅವಳ ಕೆರೆಯೂ ಹತ್ತಿರ ಸರಿಯಿತು, ಅಜ್ಜಿಯದು ಮಾತ್ರ ಅಲ್ಲೇ ಉಳಿಯಿತು. ಇಬ್ಬರೂ ಅಜ್ಜಿಯತ್ತ ತಿರುಗಿದೆವು. ಅಜ್ಜಿ ಸೊಂಟದ ಮೇಲೆ ಕೈ ಮುಚ್ಚಿಕೊಂಡಳು.

"ಎಲೆಅಡಿಕೆ ಸಂಚಿ ತಂದಿದೀಯಾ ಅಜ್ಜಿ?"

"ಅದೂ ಹೊರೆಯೇನೇ? ಅದು ನನ್ನ ಅಂಗ."

ದಾರಿಗೆ ಹಾಗನ್ನಿಸಿರಲಿಲ್ಲ. ಅಡಕತ್ತರಿ, ಸುಣ್ಣದ ಡಬ್ಬಿ, ಇಪ್ಪತ್ತು ಎಲೆ, ಒಂದು ಮುಷ್ಟಿ ಅಡಿಕೆ. ಬೇಡಿದೆವು, ಬೈದೆವು. ಅಜ್ಜಿ ಕಲ್ಲಿನ ಮೇಲೆ ಕೂತುಬಿಟ್ಟಳು. "ಅಡಕತ್ತರಿ ನಿಮ್ಮಜ್ಜ ಕೊಡಿಸಿದ್ದು. ಅವ್ನು ಕೊಡಿಸಿದ್ದೇ ಅದೊಂದು." ಕೊನೆಗೆ ಅಡಕತ್ತರಿಯನ್ನೂ ಡಬ್ಬಿಯನ್ನೂ ಅದೇ ಕಲ್ಲಿನ ಕೆಳಗೆ ಬಚ್ಚಿಟ್ಟು, ಜಾಗದ ಗುರುತು ಮರೆಯುವುದಿಲ್ಲವೆಂದು ನಂಜಮಣಿಯಿಂದ ಮೂರು ಸಲ ಆಣೆ ಹಾಕಿಸಿದಳು. ಎಲೆಅಡಿಕೆಯನ್ನು ಮಾತ್ರ ಬಿಡಲು ಒಪ್ಪಲಿಲ್ಲ. ಇಪ್ಪತ್ತೂ ಎಲೆ ಮಡಿಸಿ, ಮುಷ್ಟಿ ಅಡಿಕೆಯೂ ಸೇರಿ, ಎಲ್ಲವನ್ನೂ ಬಾಯಿಗೆ ತುಂಬಿಕೊಂಡಳು. ಬಾಯೊಳಗಿನದು ಲೆಕ್ಕಕ್ಕಿಲ್ಲ. ರುಚಿಯಿಲ್ಲದ ನಾಲಿಗೆಯಿಂದ ಅಷ್ಟು ದಿನದಲ್ಲಿ ಆದ ಲಾಭ ಅದೊಂದೇ.

ನಾವು ಕೈ ಹಿಡಿದುಕೊಂಡು ಹೊರಟೆವು. ಕೆನ್ನೆ ಎರಡೂ ಉಬ್ಬಿದ್ದರಿಂದ ಅಜ್ಜಿಗೆ ಮಾತಿಲ್ಲ. ಹೆಜ್ಜೆಗೊಂದು ಸಲ ನನ್ನ ಕೈ ಅದುಮಿ ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಕೊಕ್ಕರೆಗಳು, ನಲವತ್ತಕ್ಕೆ ಮರಗಳ ನೆರಳು, ಅರವತ್ತಕ್ಕೆ ನೀರಿನ ವಾಸನೆ. ಎಪ್ಪತ್ತಕ್ಕೆ ನಾನು ಕೆಳಗೆ ನೋಡಿದೆ, ಕಾಲು ಒಣಗಿಯೇ ಇತ್ತು. ಎಪ್ಪತ್ತೊಂದಕ್ಕೆ ಒದ್ದೆಯಾಯಿತು. ಅಜ್ಜಿ ಒಂದು ಬೆರಳೆತ್ತಿ, ಅದನ್ನು ನನ್ನ ಸೆರಗಿನ ಉಪ್ಪಿನ ಗಂಟಿನತ್ತ ತೋರಿಸಿ, ನನ್ನನ್ನು ದುರುಗುಟ್ಟಿ ನೋಡಿದಳು.

ಬಂಡೆಯ ಪೊಟರೆಯಲ್ಲಿ ಎಲ್ಲವೂ ಇಟ್ಟ ಹಾಗೇ ಇತ್ತು. ತಾಡಪಾಲಿನ ಮೂರು ಮೂಲೆ ಕಟ್ಟಿ ನಾಲ್ಕನೆಯದನ್ನು ನಾನು ಹಿಡಿದುಕೊಂಡೆ. ಒಂದೇ ಕಂಬಳಿಯಲ್ಲಿ ಮೂವರೂ ಮಲಗಿದೆವು. ಅಜ್ಜಿ ನಿದ್ದೆ ಮಾಡಲಿಲ್ಲ. "ಏಳು ವರ್ಷದೋಳಿದ್ದಾಗ ರಾತ್ರಿ ಇರ್ತೀನಿ ಅಂತ ಅತ್ತಿದ್ದೆ, ಅಪ್ಪ ಬಿಡ್ಲಿಲ್ಲ" ಎಂದು ಕೆರೆಗೆ ಹೇಳಿದಳು. ನಸುಕಿಗೆ ಅವಳೇ ಎರೆಹುಳು ಅಗೆದು, ಅವಳೇ ಗಾಳಕ್ಕೆ ಚುಚ್ಚಿದಳು. ಬೆಂಡು ಒಂದು ಸಲ ಮುಳುಗಿತು, ಎರಡು ಸಲ ಮುಳುಗಿತು. ಬಂದದ್ದು ಬೆರಳುದ್ದದ ಗೆಂಡೆ. ಈ ಸಲ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಎಂಟು ಸೇರಿನದ್ದೇನೋ ಎಂಬಂತೆ.

ನಂಜಮಣಿ ಹನ್ನೊಂದರಲ್ಲಿ ಉಳಿದಿದ್ದ ಕೊನೆಯ ಕಡ್ಡಿ ಗೀರಿ ಬೆಂಕಿ ಮಾಡಿದಳು. ಕೆಂಡವಾದ ಮೇಲೆ ನಾನು ಸೆರಗಿನ ಗಂಟು ಬಿಚ್ಚಿ, ಇದ್ದ ಚಿಟಿಕೆ ಉಪ್ಪನ್ನೆಲ್ಲ ಮೀನಿಗೆ ಸವರಿ ಸುಟ್ಟೆ. ಎಲೆಯ ಮೇಲಿಟ್ಟು ಕೊಟ್ಟೆ. ಅಜ್ಜಿ ಮುಳ್ಳು ಬಿಡಿಸಿ, ಒಂದು ತುಣುಕು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಏನೋ ಗೊಣಗಿದಳು.

"ಏನಂದೆ ಅಜ್ಜಿ?" ನಾನು ಹತ್ತಿರ ಬಾಗಿದೆ.

"ನಿಂಗೆ ಕಿವೀನೂ ಹೋಯ್ತೇನೇ? ಉಪ್ಪು ಕಮ್ಮಿ ಅಂದೆ. ಇಪ್ಪತ್ತಾರು ವರ್ಷದಿಂದ ಬಡ್ಕೊಂಡೆ, ನಿಮ್ಮವ್ವಂಗೆ ಒಂದು ಹಿಡಿ ಉಪ್ಪು ಕಟ್ಟೋಕೆ ಬರ್ಲಿಲ್ಲ."